ಮ್ಯೂಸಿಯಂ ಅಂಗಳದ ಬೂದು ಗುಡಾರ

ಜನಜೀವನ ಮ್ಯೂಸಿಯಂನ ಹಿಂದಿನ ಅಂಗಳದಲ್ಲಿ ಗುಡಾರ ಎದ್ದು ನಿಂತದ್ದನ್ನು ಕಂಡಾಗಲೇ ಬುರುಲ್‌ಗೆ ಇದು ನೆಟ್ಟಗೆ ಮುಗಿಯುವ ಲಕ್ಷಣವಲ್ಲ ಅನ್ನಿಸಿತು. ಹಬ್ಬಕ್ಕೆ ಹಾಕುವುದು ಬಿಳಿ ಉಣ್ಣೆಯ ಗುಡಾರ. ಮ್ಯೂಸಿಯಂನ ಬಿಳಿ ಗುಡಾರ ಹೋದ ಬೇಸಿಗೆಯಲ್ಲಿ ಯಾರೋ ದೊಡ್ಡವರ ಮಗನ ಮದುವೆಗೆಂದು ಹೋದದ್ದು ಇನ್ನೂ ಮದುವೆ ಮುಗಿಸಿಕೊಂಡು ಬಂದಿರಲಿಲ್ಲ. ಮುಂದಿನ ಚೌಕದಲ್ಲಿ ಹಾಕೋಣವೆಂದರೆ ಕಾರಂಜಿ ರಿಪೇರಿಯೆಂದು ನೆಲ ಅಗೆದು ಬಿಟ್ಟಿದ್ದರು. ಹಾಗಾಗಿ ಉಗ್ರಾಣದಲ್ಲಿದ್ದ ಬೂದು ಗುಡಾರ, ಅದೂ ಹಿಂದಿನ ಅಂಗಳದಲ್ಲಿ, ಮೂರು ಕಡೆಯಿಂದ ಐದಂತಸ್ತಿನ ಮನೆಗಳ ಕಿಟಕಿಗಳು ಇಣುಕುವ ಜಾಗದಲ್ಲಿ. ನಗರದ ಅಂಥ ಮನೆಗಳ ಅಂಗಳದಲ್ಲಿ ಬೂದು ಗುಡಾರ ಎದ್ದಿತೆಂದರೆ ಜನ ಕೇಳುವುದು ಒಂದೇ ಮಾತು: ಯಾರು ಹೋದರು?

ಇದು ಗೊತ್ತಿಲ್ಲದ ಒಬ್ಬರೂ ಆ ಮ್ಯೂಸಿಯಂನಲ್ಲಿ ಇರಲಿಲ್ಲ. ಕಿರ್ಗಿಜ್ ಪದ್ಧತಿಗಳ ಮೇಲೆ ಪುಸ್ತಕ ಬರೆದವರೇ ನಾಲ್ಕು ಜನ ಅಲ್ಲಿ ಸಂಬಳ ತಿನ್ನುತ್ತಿದ್ದರು. ಆದರೆ ಗೊತ್ತಿರುವುದನ್ನು ಕೆಲಸದ ಹೊತ್ತಿನಲ್ಲಿ ಮರೆಯುವುದೇ ಅಲ್ಲಿಯ ರೂಢಿಯಾಗಿತ್ತು.

ಗೇಟಿಗೆ ಕಟ್ಟಿದ ಬ್ಯಾನರ್ ಇನ್ನೊಂದು ಚಂದ. ಮ್ಯೂಸಿಯಂ ಹುಟ್ಟಿ ಅರವತ್ತು ವರ್ಷವಾದ ಹಬ್ಬ ಅದು. ಬ್ಯಾನರಿನ ಮೇಲೆ ಕಟ್ಟಡದ ಚಿತ್ರ ಹಾಕಬಹುದಿತ್ತು. ಸಾವಿರಾರು ಸಾಮಾನುಗಳಲ್ಲಿ ಒಂದು ಜೀನು, ಒಂದು ಬೆಳ್ಳಿಯ ಪದಕ ಹಾಕಬಹುದಿತ್ತು. ಹಾಕಿದ್ದು ನಿರ್ದೇಶಕ ಎಸೆನ್‌ಕುಲ್‌ನ ಮುಖ. ಎತ್ತರದ ಬಿಳಿ ಟೋಪಿ ಇಟ್ಟುಕೊಂಡು ದೂರದ ಬೆಟ್ಟ ನೋಡುತ್ತಿರುವ ಮುಖ, ಅದರ ಕೆಳಗೆ ದಪ್ಪಕ್ಷರದಲ್ಲಿ '1965–2025'. ನಿರ್ದೇಶಕನ ವಯಸ್ಸೂ ಹೆಚ್ಚುಕಡಿಮೆ ಅಷ್ಟೇ.

ಬುರುಲ್ ಆ ಬ್ಯಾನರಿನ ಕೆಳಗೆ ಹಾದು ಒಳಗೆ ಬಂದಳು. ಬ್ರೆಡ್ ಕಾರ್ಖಾನೆಯಿಂದ ನಿವೃತ್ತಳಾದ ಮೇಲೆ ಅವಳು ಇಲ್ಲಿ ಸ್ವಯಂಸೇವಕಿ. ಸ್ವಯಂಸೇವಕರಲ್ಲಿ ಎರಡು ಜಾತಿ. ಒಂದು, ಎಲ್ಲರೂ ಎಜೆ, ಅಂದರೆ ಅಕ್ಕ, ಎಂದು ಕರೆಯುವ ರೋಸಾಳ ಕೈಕೆಳಗಿನ 'ಮ್ಯೂಸಿಯಂ ಬಳಗ': ನೀಲಿ ರೇಷ್ಮೆಯ ಸ್ಕಾರ್ಫು, ಎದೆಗೆ ಬಿಲ್ಲೆ, ಹಬ್ಬಹರಿದಿನಕ್ಕೆ ಬಂದು ಮಗ್ಗದ ಪಕ್ಕ ನಿಂತು ಫೋಟೋ ಹೊಡೆಸಿಕೊಂಡು ಹೋಗುವವರು. ಇನ್ನೊಂದು, ಸ್ಕಾರ್ಫಿಲ್ಲದವರು. ಬುರುಲ್ ಪ್ರತಿ ಬುಧವಾರ ನೆಲಮಾಳಿಗೆಯ ಉಗ್ರಾಣದಲ್ಲಿ ಉಣ್ಣೆಗಂಬಳಿ ಕೊಡವಿ ನುಸಿ ತೆಗೆಯುತ್ತಿದ್ದಳು. ಮೇಲಿನ ಹಾಲಿನಲ್ಲಿ ಗಾಜಿನ ಹಿಂದೆ ನೇತುಹಾಕಿದ್ದು ಬಜಾರಿನಿಂದ ತಂದ ಹೊಸ ಕಂಬಳಿಗಳು. ಯಾರದೋ ಅಜ್ಜಿ ಕಣ್ಣು ಕಳೆದುಕೊಂಡು ಹೊಲಿದ ಹಳೆಯವು ಕೆಳಗೆ ಹುಳಕ್ಕೆ ಊಟವಾಗುತ್ತಿದ್ದವು. ಯಾಕೆ ಹೀಗೆ ಎಂದು ಒಮ್ಮೆ ಕೇಳಿದ್ದಕ್ಕೆ ರೋಸಾ, "ಹೊಸದರ ಬಣ್ಣ ಫೋಟೋದಲ್ಲಿ ಚೆನ್ನಾಗಿ ಬರತ್ತಲ್ಲಮ್ಮ" ಅಂದಿದ್ದಳು.

ಅಂಗಳದ ಮೂಲೆ ತಿರುಗಿದವಳು ನಿಂತುಬಿಟ್ಟಳು.

ಗುಡಾರದೊಳಗಿಂದ ಒಂದು ಹೆಣ್ಣುದನಿ ಬರುತ್ತಿತ್ತು. ಸತ್ತವರ ಮನೆಯಲ್ಲಿ ಹೆಂಗಸರು ಗೋಡೆಗೆ ಮುಖ ಮಾಡಿ ಕೂತು ಹಾಡುವ ಅಳುಹಾಡು. ಸ್ಪೀಕರ್ ಪೆಟ್ಟಿಗೆ ಗೊರಗೊರ ಅನ್ನುತ್ತಿದ್ದರಿಂದ ಮಾತು ಸ್ಪಷ್ಟವಿರಲಿಲ್ಲ. ಅವಳಿಗೆ ಮಾತು ಬೇಕಿರಲಿಲ್ಲ. ಅದು ಅವಳ ಅವ್ವನ ದನಿ.

ಬುರುಲ್ ಹದಿನೇಳರವಳಿದ್ದಾಗ ಅಣ್ಣ ತೊಲ್ಕುನ್ ಬೆಟ್ಟದ ಮೇಲಿನ ಚಳಿಗಾಲದ ಬಿಡಾರದಲ್ಲಿ ಹೊಟ್ಟೆನೋವೆಂದು ಮಲಗಿದವನು ಏಳಲಿಲ್ಲ. ಹಿಮ ಬಿದ್ದು ಕಣಿವೆ ಮುಚ್ಚಿತ್ತು. ಡಾಕ್ಟರು ಬರಲಿಲ್ಲ, ಆಮೇಲೆ ನೆಂಟರೂ ಬರಲಿಲ್ಲ. ಅಪ್ಪ ಹೆಪ್ಪುಗಟ್ಟಿದ ನೆಲವನ್ನು ಹಾರೆಯಿಂದ ಅಗೆಯುತ್ತಿದ್ದ. ಬಾಗಿಲ ಹೊರಗೆ ಕೋಲಿಗೊರಗಿ ನಿಂತು ಗೋಳಿಡಬೇಕಾದ ಗಂಡಸರು ಒಬ್ಬರೂ ಇರಲಿಲ್ಲ. ಒಳಗೆ ಅವ್ವ ಒಬ್ಬಳೇ ಹಾಡಿದಳು. ತೊಲ್ಕುನ್ ಕುರಿ ಮಾರಿ ಕೊಂಡಿದ್ದ ಟೇಪ್ ರೆಕಾರ್ಡರಿನ ಗುಂಡಿಯನ್ನು ಬುರುಲ್ ಒತ್ತಿದಳು. ಯಾಕೆ ಒತ್ತಿದೆನೆಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಒಮ್ಮೆಯೂ ತಿರುಗಿ ಕೇಳಲಿಲ್ಲ. ಎರಡು ವರ್ಷದ ಹಿಂದೆ ಕ್ಯಾಸೆಟ್ಟಿನ ಪಟ್ಟಿ ಪುಡಿಯಾಗುವ ಹಾಗೆ ಕಂಡಾಗ ಮ್ಯೂಸಿಯಂಗೆ ಕೊಟ್ಟಳು. ಎಸೆನ್‌ಕುಲ್ ಎರಡೂ ಕೈಯಲ್ಲಿ ಇಸಿದುಕೊಂಡು, "ಅವ್ವನ ದನಿ ನಮ್ಮ ತಂಪುಕೋಣೇಲಿ ನೂರು ವರ್ಷ ನೆಮ್ಮದಿಯಾಗಿ ಮಲಗಿರತ್ತೆ. ಒಂದು ನರಪಿಳ್ಳೆಗೂ ಕೇಳಿಸಲ್ಲ" ಎಂದಿದ್ದ.

ಬುರುಲ್ ನೆಟ್ಟಗೆ ಅವನ ಕೋಣೆಗೆ ಹೋದಳು. ಅವನು ಕನ್ನಡಿಯ ಮುಂದೆ ಭಾಷಣ ಅಭ್ಯಾಸ ಮಾಡುತ್ತಿದ್ದ. ಅಣ್ಣ ಎನ್ನುವ ಮರ್ಯಾದೆಯಲ್ಲಿ ಬೈಕೆ ಎಂದೇ ಕರೆದಳು.

"ಬೈಕೆ, ಅಂಗಳದಲ್ಲಿ ನಮ್ಮವ್ವ ಅಳ್ತಿದಾಳೆ."

"ಕೇಳಿದ್ಯಾ? ಮೈ ಜುಂ ಅನ್ನತ್ತಲ್ವಾ!"

"ಯಾರಿಗೂ ಕೇಳಿಸಲ್ಲ ಅಂತ ನೀವೇ ಹೇಳಿದ್ರಿ."

"ಹೇಳಿದ್ದೆ, ತಂಗಿ. ಆದ್ರೆ ಹಬ್ಬ ನೋಡು. ಉಪಮಂತ್ರಿಗಳು ಬರ್ತಿದಾರೆ. ಈಗೆಲ್ಲ ಸುಮ್ನೆ ಸಾಮಾನು ತೋರಿಸಿದ್ರೆ ಸಾಲದು, ನೋಡೋರಿಗೆ 'ಅನುಭವ' ಆಗಬೇಕು. ಗುಡಾರದೊಳಗೆ ಹೋದ್ರೆ ಒಂದು ಹಳೇ ದನಿ..."

"ಹೆಣ ಇಲ್ದೆ ಅಳುಹಾಡು ಹಾಕ್ತಾರಾ ಬೈಕೆ? ನಿಮ್ಮ ಮನೇಲಿ ಹಾಕ್ತೀರಾ?"

ಎಸೆನ್‌ಕುಲ್ ಕನ್ನಡಿಯಲ್ಲೇ ಅವಳನ್ನು ನೋಡಿ ನಕ್ಕ. "ಹಳ್ಳಿ ಮೂಢನಂಬಿಕೆ ಬಿಡಮ್ಮ. ನಾವು ವಿಜ್ಞಾನದೋರು. ಕೊಟ್ಟಿದ್ದು ಕೊಟ್ಟಾಯ್ತು, ಅದು ಈಗ ಜನರ ಆಸ್ತಿ. ಹೋಗು, ಚಾ ಕುಡಿ. ನಾನು ಹೊರಗೆ ಬರೋ ತನಕ ಯಾರೂ ಬಾಗಿಲು ತಟ್ಟಬೇಡಿ ಅಂತ ಹೇಳು." ಅವಳ ಕಣ್ಣೆದುರೇ ಫೋನ್ ಆಫ್ ಮಾಡಿ ಬಾಗಿಲು ಹಾಕಿಕೊಂಡ.

ಅವಳು ಗುಡಾರಕ್ಕೆ ಬಂದು ವೈರು ಹುಡುಕಿದಳು. ವೈರಿನ ಮೇಲೆ ರೋಸಾ ಎಜೆ ಕುರ್ಚಿ ಹಾಕಿ ಕೂತಿದ್ದಳು. ಸುತ್ತ ನೀಲಿ ಸ್ಕಾರ್ಫುಗಳು.

"ರೋಸಾ ಎಜೆ, ಸ್ವಲ್ಪ ಏಳಿ. ಇದನ್ನ ನಿಲ್ಲಿಸಬೇಕು."

"ಅಯ್ಯೋ ಯಾಕೆ? ನಮ್ಮ ಹುಡ್ಗೀರು ಇದಕ್ಕೇ ಮುಖ ಸಪ್ಪಗೆ ಮಾಡೋದು ಅಭ್ಯಾಸ ಮಾಡಿದಾರೆ. ಕ್ಯಾಮೆರಾದೋರು ಬರೋ ಹೊತ್ತು."

"ಇದು ನಮ್ಮವ್ವ ಹಾಡಿರೋದು. ನಮ್ಮಣ್ಣನ ಸಾವಿಗೆ."

"ಹೌದಾ? ಎಷ್ಟು ಚೆನ್ನಾಗಿ ಹಾಡಿದಾರೆ!" ರೋಸಾ ಅವಳ ಕೈ ಸವರಿದಳು. "ನಿನಗೆ ಹೆಮ್ಮೆ ಆಗಬೇಕಮ್ಮ. ನಮ್ಮವ್ವನ್ನ ಒಬ್ರೂ ರೆಕಾರ್ಡ್ ಮಾಡ್ಲಿಲ್ಲ. ಬೈಯೋದು ಬಿಟ್ಟು ಅವಳಿಗೇನೂ ಬರ್ತಾನೂ ಇರ್ಲಿಲ್ಲ ಅನ್ನು."

ಬುರುಲ್ ಕುರ್ಚಿಯನ್ನೇ ಎಳೆಯಬೇಕೆಂದು ಕೈ ಹಾಕುವಷ್ಟರಲ್ಲಿ ತಡವಾಗಿತ್ತು. ಪಕ್ಕದ ಕಟ್ಟಡದಿಂದ ಇಬ್ಬರು ಮುದುಕಿಯರು ತಲೆಗೆ ಬಟ್ಟೆ ಬಿಗಿದು, ಒಂದೊಂದು ರೊಟ್ಟಿ ಮಡಿಲಲ್ಲಿಟ್ಟುಕೊಂಡು ಗುಡಾರದೊಳಗೆ ಬಂದರು, ಗೋಡೆಗೆ ಮುಖ ಮಾಡಿ ಕುಳಿತರು, ಅಳತೊಡಗಿದರು. ಹಿಂದೆಯೇ ಮತ್ತೆ ಮೂವರು. ಅವ್ವನ ದನಿ ಏರಿದಾಗ ಇವರ ಅಳು ಏರಿತು. ಅಳುಹಾಡನ್ನು, ಅಳುವವರು ಕೂತಿರುವಾಗ, ನಡುವಿನಲ್ಲಿ ಕಡಿದುಹಾಕುವುದು ಹೇಗೆ? ಬುರುಲ್‌ನ ಕೈ ಕುರ್ಚಿಯ ಮೇಲೇ ಉಳಿಯಿತು. ಯಾವುದನ್ನು ನಿಲ್ಲಿಸಲು ಬಂದಿದ್ದಳೋ ಅದನ್ನು ಈಗ ನಿಲ್ಲಿಸುವ ಹಾಗಿರಲಿಲ್ಲ.

ನೀಲಿ ಸ್ಕಾರ್ಫುಗಳು ಖುಷಿಯಿಂದ ಒಬ್ಬರ ಮುಖ ಒಬ್ಬರು ನೋಡಿಕೊಂಡವು. ರೋಸಾ ಪಿಸುಗುಟ್ಟಿದಳು: "ನೋಡ್ರೇ, ಜನ ಎಷ್ಟು ಸ್ಪಂದಿಸ್ತಿದಾರೆ!"

ಹೊರಗೆ ಬಂದ ಬುರುಲ್‌ಳನ್ನು ಮೂರನೇ ಮಹಡಿಯ ಬಾಲ್ಕನಿಯಿಂದ ಇಳಿದುಬಂದ ಹೆಂಗಸೊಬ್ಬಳು ತಡೆದಳು. ಕೈಯಲ್ಲಿ ಫೋನು, ಕಣ್ಣು ಬ್ಯಾನರಿನ ಕಡೆ.

"ನಿರ್ದೇಶಕರು ಯಾವಾಗ ಹೋದ್ರು ಎಜೆ?"

"ಬೆಳಿಗ್ಗೆ ಎಂಟಕ್ಕೇ ಹೋದ್ರು."

ಕೋಣೆಯೊಳಗೆ ಹೋದರು ಎಂಬ ಅರ್ಥದಲ್ಲಿ ಅವಳೆಂದದ್ದು. ಆ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದಾಗ ತಪ್ಪು ತಿಳಿಯಿತು. ತಿದ್ದಬಹುದಿತ್ತು. ಬುರುಲ್ ಬ್ಯಾನರಿನ ಮೇಲೆ ಬೆಟ್ಟ ನೋಡುತ್ತಿದ್ದ ಮುಖವನ್ನು ಒಮ್ಮೆ ನೋಡಿದಳು. ತಿದ್ದಲಿಲ್ಲ.

"ಅಯ್ಯೋ ಪಾಪ! ನರಳಿದ್ರಾ?"

"ಇಲ್ಲ. ಕೊನೇ ತನಕ ಮಾತಾಡ್ತಾನೇ ಇದ್ರು."

ಸುದ್ದಿಗೆ ಕಾಲು ಬಂತು. ಆ ಹೆಂಗಸಿನ ತಂಗಿಯ ಗಂಡ ನರಿನ್ ಬೆಟ್ಟಸೀಮೆಯ ಕಡೆಯವನು, ಎಸೆನ್‌ಕುಲ್‌ನ ಊರಿನವನು. ಅವನು ಎಸೆನ್‌ಕುಲ್‌ಗೆ ಫೋನ್ ಮಾಡಿದ, ಆಫ್ ಆಗಿತ್ತು. ಸತ್ತವನ ಫೋನ್ ಆಫ್ ಆಗಿರದೆ ಇನ್ನೇನು? ಊರಿನವರೆಲ್ಲ ಈಗ ನಗರದ ಅಂಚಿನ ಹೊಸ ಬಡಾವಣೆಯಲ್ಲೇ ಇದ್ದರು. ಊಟದ ಹೊತ್ತಿಗೆ ಮುಂಚೆಯೇ ಒಂದು ವ್ಯಾನು ಗೇಟಿನಲ್ಲಿ ನಿಂತಿತು.

ಮೊದಲು ಇಳಿದದ್ದು ಒಂದು ಕುರಿ. ಆಮೇಲೆ ಎಸೆನ್‌ಕುಲ್‌ನ ಚಿಕ್ಕಪ್ಪ, ಊರಿಗೆಲ್ಲ ಅತಾ, ಅಂದರೆ ಅಜ್ಜ, ಆಗಿದ್ದ ಶಾರ್ಶೆನ್. ಎಂಬತ್ತು ದಾಟಿದ, ಕಿವಿ ಮಂದವಾದ, ದನಿ ಮಾತ್ರ ಬೆಟ್ಟದಿಂದ ಬೆಟ್ಟಕ್ಕೆ ಮುಟ್ಟುವ ಮುದುಕ. ಅವನ ಹಿಂದೆ ಎಸೆನ್‌ಕುಲ್‌ನ ಆರು ಜನ ತಮ್ಮಂದಿರು. ಪದ್ಧತಿಯಂತೆ ಗೇಟಿನಿಂದಲೇ ಗೋಳಿಡುತ್ತ, ಓಡುತ್ತ ಬಂದರು.

"ಬೆನ್ನಿಗಿದ್ದ ಬೆಟ್ಟವೇ, ಓಹೋ!"

"ನನ್ನ ಸಿಂಹದಂಥ ಅಣ್ಣಾ!"

"ನನ್ನ ಕೈಗಡ ತೀರಿಸದೇ ಹೋದ್ಯಲ್ಲಪ್ಪಾ!" ಎಂದ ಕೊನೆಯ ತಮ್ಮ. ಪಕ್ಕದವನು ಮೊಣಕೈಯಿಂದ ತಿವಿದ.

ಏಳು ಗಂಡಸರು ಗುಡಾರದ ಬಾಗಿಲ ಹೊರಗೆ ಸಾಲಾಗಿ, ಕೋಲಿಗೊರಗಿ, ಸೊಂಟ ಬಗ್ಗಿಸಿ ನಿಂತರು. ಕೋಲಿಲ್ಲದವರಿಗೆ ರೋಸಾ ಎಜೆಯೇ ಒಳಗಿನಿಂದ ಪ್ರದರ್ಶನದ ಕೋಲುಗಳನ್ನು ತಂದುಕೊಟ್ಟಳು. ಅವಳು ಇದೆಲ್ಲ ಎಸೆನ್‌ಕುಲ್ ಹೇಳದೇ ಏರ್ಪಡಿಸಿದ ನಾಟಕದ ತಂಡವೆಂದೇ ತಿಳಿದಿದ್ದಳು. "ಬಟ್ಟೆ ಇನ್ನೂ ಸ್ವಲ್ಪ ಹಳೇದಿರಬೇಕಿತ್ತು" ಎಂದು ಮಾತ್ರ ಗೊಣಗಿದಳು.

ಹೊತ್ತಿಗೆ ಸರಿಯಾಗಿ ಉಪಮಂತ್ರಿಯ ಕರಿ ಕಾರು ಬಂತು. ಗೇಟಿನಲ್ಲಿ ನಿಂತಿತು. ಬ್ಯಾನರು, ಬೂದು ಗುಡಾರ, ಕೋಲಿಗೊರಗಿದ ಗಂಡಸರು, ಒಳಗಿನ ಅಳು. ಕಾರಿನ ಕಿಟಕಿ ಅರ್ಧ ಇಳಿಯಿತು, ಮತ್ತೆ ಏರಿತು. ಸಾವಿನ ಮನೆಯಲ್ಲಿ ಎಷ್ಟು ಹೊತ್ತು ಕೂರಬೇಕಾಗುತ್ತದೆಂದು ಉಪಮಂತ್ರಿಗೂ ಗೊತ್ತು. ಕಾರ್ಯದರ್ಶಿಯೊಬ್ಬ ಹೂಗುಚ್ಛ ಹಿಡಿದು ಇಳಿದ. ಹನ್ನೊಂದು ಕೆಂಪು ಹೂಗಳಿದ್ದವು. ಅಲ್ಲಿಯ ರೂಢಿಯಲ್ಲಿ ಬದುಕಿರುವವರಿಗೆ ಕೊಡುವುದು ಬೆಸ, ಸತ್ತವರಿಗೆ ಸಮ. ಅವನು ಒಂದನ್ನು ಕಿತ್ತು ಕಾರಿನೊಳಗೆ ಎಸೆದು, ಹತ್ತನ್ನು ಎದೆಗೊತ್ತಿಕೊಂಡು ತಲೆ ತಗ್ಗಿಸಿ ನಡೆದುಬಂದ. ಕಾರು ಆಗಲೇ ಹಿಂದಕ್ಕೆ ಹೊರಳುತ್ತಿತ್ತು.

ಅದೇ ಗಳಿಗೆಗೆ ಹಿಂಬಾಗಿಲು ತೆರೆಯಿತು. ಎಸೆನ್‌ಕುಲ್ ಇಸ್ತ್ರಿ ಮಾಡಿದ ಸೂಟು, ಎತ್ತರದ ಬಿಳಿ ಟೋಪಿ, ಕೈಯಲ್ಲಿ ಭಾಷಣದ ಸಮೇತ ಮೆಟ್ಟಿಲಿಳಿದ. ಅಂಗಳ ತುಂಬ ಜನ! ಅವನ ಮುಖ ಅರಳಿತು. ಕಾರ್ಯದರ್ಶಿಯ ಕೈಯ ಹೂಗಳನ್ನು ತಾನೇ ಮುಂದೆ ಹೋಗಿ ತೆಗೆದುಕೊಂಡ.

"ಇಷ್ಟೆಲ್ಲ ಯಾಕೆ ಬೇಕಿತ್ತು! ಉಪಮಂತ್ರಿಗಳೆಲ್ಲಿ?"

ಕಾರ್ಯದರ್ಶಿ ಬಿಳುಚಿಕೊಂಡ. ಗೇಟಿನ ಕಡೆ ಓಡಿದ. ಎಸೆನ್‌ಕುಲ್ ಹೂಗಳನ್ನು ನೋಡಿದ. ಅಭ್ಯಾಸಬಲದಿಂದ ಎಣಿಸಿದ. ಇನ್ನೊಮ್ಮೆ ಎಣಿಸಿದ. ಆಮೇಲೆ ತಲೆಯೆತ್ತಿದರೆ ಎದುರಿಗೆ ಆರು ಜನ ತಮ್ಮಂದಿರು.

ಐವರು ಸುಮ್ಮನಾದರು. ಆರನೆಯವನು ಕಣ್ಣು ಮುಚ್ಚಿಕೊಂಡಿದ್ದರಿಂದ "ಸಿಂಹದಂಥ ಅಣ್ಣಾ" ಎಂದು ಇನ್ನೊಂದು ಸುತ್ತು ಮುಗಿಸಿದ.

ಶಾರ್ಶೆನ್ ಅತಾ ಅಣ್ಣನ ಮಗನನ್ನು ಟೋಪಿಯಿಂದ ಬೂಟಿನವರೆಗೆ ನೋಡಿದ.

"ಬದುಕಿದ್ಯೇನೋ?"

"ಬದುಕಿದ್ದೀನಿ, ಚಿಕ್ಕಪ್ಪ..."

"ನಾಚಿಕೆ ಆಗಲ್ವೇನೋ ನಿನಗೆ!"

"ಚಿಕ್ಕಪ್ಪ, ಏನೋ ತಪ್ಪಾಗಿದೆ. ಇದು ಹಬ್ಬ. ಇದು ಸುಮ್ನೆ... ಅನುಭವ..."

"ಅನುಭವಾನಾ?" ಮುದುಕ ಕೋಲನ್ನು ನೆಲಕ್ಕೆ ಕುಟ್ಟಿದ. "ಏಳು ಗಂಡಸ್ರು ಗೋಳಿಟ್ಟಿದೀವಿ. ಅತ್ತಿದ್ದನ್ನ ವಾಪಸ್ ನುಂಗಕ್ಕಾಗತ್ತೇನೋ? ಈ ಅಳು ಯಾರದಾದ್ರೂ ಹೆಸರಿಗೆ ಹೋಗಿ ಬೀಳಲೇಬೇಕು. ಯಾರದೂ ಇಲ್ಲ ಅಂದ್ರೆ ಯಾರ ಹೆಸರು ಹಿಡಿದು ಅತ್ವೋ ಅವನ ಮೇಲೇ ಬೀಳತ್ತೆ. ಮಲಗು ಹಾಗಾದ್ರೆ. ಕುರೀನೂ ತಂದಿದೀವಿ."

ಮೂಢನಂಬಿಕೆ ಎಂದು ಬೆಳಿಗ್ಗೆ ನಕ್ಕಿದ್ದ ವಿಜ್ಞಾನಿಯ ಹಣೆಯಲ್ಲಿ ಬೆವರು ಮೂಡಿದ್ದನ್ನು ಬುರುಲ್ ಹತ್ತಿರದಿಂದ ನೋಡಿದಳು. ಅವನು ಹೂಗುಚ್ಛದಿಂದ ಮೆಲ್ಲಗೆ ಒಂದು ಹೂ ಕಿತ್ತು ಹಿಂದೆ ಬಿಸಾಕಿದ. ಒಂಬತ್ತಾಯಿತು. ಆದರೂ ಮುಖಕ್ಕೆ ರಕ್ತ ಬರಲಿಲ್ಲ.

ಗಂಡಸರು ಸುಮ್ಮನಾದ್ದರಿಂದ ಈಗ, ಮುಗಿದಲ್ಲೇ ಮತ್ತೆ ಮೊದಲಾಗುತ್ತಿದ್ದ ಅವ್ವನ ದನಿಯೊಂದೇ ಉಳಿಯಿತು. ಮುದುಕ ಸುಸ್ತಾಗಿ, ಗುಡಾರದ ಬಾಗಿಲಲ್ಲಿದ್ದ ಸ್ಪೀಕರ್ ಪೆಟ್ಟಿಗೆಯ ಪಕ್ಕದ ಬೆಂಚಿನ ಮೇಲೆ ಕೂತಿದ್ದ. ಅವನ ಮಂದ ಕಿವಿಗೂ ಅಲ್ಲಿ ಮಾತು ಬಿಡಿಬಿಡಿಯಾಗಿ ಕೇಳಿಸಿತು. ಕೈಯೆತ್ತಿ ಎಲ್ಲರನ್ನೂ ತಡೆದ.

*ಕಣಿವೆಯ ಬಾಯಿ ಹಿಮ ಮುಚ್ಚಿತು, ನನ್ನ ಕುದುರೆಮರಿಯೇ,*
*ನಿನ್ನ ಸುದ್ದಿ ಹೊತ್ತ ಕುದುರೆ ಅರ್ಧದಿಂದ ತಿರುಗಿತು.*
*ಬಾಗಿಲಾಚೆ ಕೋಲಿಗೊರಗಿ ಅಳುವವರಿಲ್ಲ,*
*ಒಂದು ಗಂಡುದನಿಯಿಲ್ಲದೆ ಹೇಗೆ ಹೊರಡುವೆ?*

"ಅಳೋರಿಲ್ಲ ಅಂತಿದಾಳಲ್ಲೋ," ಎಂದ ಮುದುಕ. "ಇವನಿಗೆ ಆರು ಜನ ತಮ್ಮಂದ್ರು. ಇದು ಇವನ ಹಾಡಲ್ಲ. ಯಾರ ಸಾವಿದು?"

ಬುರುಲ್ ಮುಂದೆ ಬಂದಳು. ಬೆಳಿಗ್ಗೆಯಿಂದ ಈ ಪ್ರಶ್ನೆ ಕೇಳಿದವರಲ್ಲಿ ಅವನೇ ಮೊದಲಿಗ.

"ನಮ್ಮಣ್ಣಂದು, ಅತಾ. ತೊಲ್ಕುನ್. ಹಾಡ್ತಿರೋದು ನಮ್ಮವ್ವ."

"ಯಾವಾಗ ಹೋದ?"

"ನಲವತ್ತೊಂದು ವರ್ಷ ಆಯ್ತು. ಹಿಮ ಬಿದ್ದಿತ್ತು. ಯಾರೂ ಬರಕ್ಕಾಗಲಿಲ್ಲ."

"ಎಷ್ಟು ವಯಸ್ಸು?"

"ಇಪ್ಪತ್ತು."

"ಮದುವೆ?"

"ಆಗಿರ್ಲಿಲ್ಲ."

ಮುದುಕ ಕೋಲೂರಿ ಎದ್ದ. "ಹಾಗಾದ್ರೆ ನಾವು ಬಂದಿರೋದು ಅವನ ಮನೆಗೆ. ಸ್ವಲ್ಪ ತಡವಾಗಿದೆ, ಅಷ್ಟೇ. ಏನೋ ಎಸೆನ್‌ಕುಲ್, ನಿನ್ನ ತಕರಾರಿದೆಯಾ?"

"ಇಲ್ಲ ಇಲ್ಲ!" ಎಸೆನ್‌ಕುಲ್ ಎರಡೂ ಕೈ ಎತ್ತಿದ. "ಅವನದೇ! ಎಲ್ಲಾ ಅವನದೇ! ಗುಡಾರ, ಊಟ, ಎಲ್ಲಾ ತೊಲ್ಕುನ್‌ದೇ!"

"ಬಾ, ಸಾಲಲ್ಲಿ ನಿಲ್ಲು."

ನಿರ್ದೇಶಕ ಭಾಷಣವನ್ನು ಜೇಬಿಗಿಟ್ಟು ಸಾಲಿನ ಕೊನೆಯಲ್ಲಿ ನಿಂತ. ಅವನ ಕೈಗೊಂದು ಕೋಲು ಕೊಟ್ಟರು. ಅದಕ್ಕೆ ಕಟ್ಟಿದ್ದ ಚೀಟಿಯಲ್ಲಿ 'ಮರದ ವಸ್ತು' ಎಂದು ಬರೆದಿತ್ತು. ಎಂಟು ಗಂಡಸರು, ಹುಟ್ಟಿದ್ದೂ ಸತ್ತದ್ದೂ ತಮಗೆ ಗೊತ್ತೇ ಇರದ ಹುಡುಗನ ಹೆಸರು ಹಿಡಿದು ಮತ್ತೆ ಗೋಳಿಟ್ಟರು. ಎಲ್ಲರಿಗಿಂತ ಜೋರಾಗಿ ಅತ್ತವನು ಎಸೆನ್‌ಕುಲ್. ಬದುಕಿದ್ದೇನೆ ಎಂಬ ಖುಷಿಗೆ ಅಷ್ಟು ದನಿ ಬೇಕಾಗುತ್ತದೆ.

ಬುರುಲ್ ಗುಡಾರದೊಳಗೆ ಹೋದಳು. ಮುದುಕಿಯರು ಸರಿದು ಜಾಗ ಬಿಟ್ಟರು. ಉಣ್ಣೆಯ ಗೋಡೆಗೆ ಮುಖ ಮಾಡಿ, ಅಳುಹಾಡಿನ ಪದ್ಧತಿಯಂತೆ ಸೊಂಟದ ಮೇಲೆ ಕೈಯಿಟ್ಟು ಕೂತಳು. ಗೋಡೆಯಲ್ಲಿ ನುಸಿ ತಿಂದ ತೂತುಗಳಿದ್ದವು. ಅವುಗಳ ಆಚೆ ಗಂಡುದನಿಗಳು. ಈಚೆ ಅವ್ವ, ಯಾರೂ ಬರಲಿಲ್ಲವೆಂದು ದೂರುತ್ತಲೇ ಇದ್ದಳು. "ಬಂದಿದಾರೆ ಅವ್ವಾ," ಎಂದಳು ಬುರುಲ್. "ಎಂಥೋರು ಅಂತ ಮಾತ್ರ ಕೇಳಬೇಡ." ಆಮೇಲೆ ಅವಳಿಗೂ ಅಳು ಬಂತು, ಹಾಡೂ ಬಂತು. ರೋಸಾ ಎಜೆ ಬಾಗಿಲಲ್ಲಿ ಬಗ್ಗಿ ಫೋಟೋ ತೆಗೆದಳು.

ಕುರಿ ಕಡಿದರು. ಹಬ್ಬಕ್ಕೆ ತರಿಸಿದ್ದ ಮಾಂಸ, ಎಣ್ಣೆಯಲ್ಲಿ ಕರಿದ ಹಿಟ್ಟಿನುಂಡೆ ಬೋರ್ಸೋಕು, ಹುಳಿ ಕುದುರೆಹಾಲಿನ ಕುಮಿಸು ಎಲ್ಲವೂ ತೊಲ್ಕುನ್‌ನ ಹೆಸರಿನಲ್ಲಿ ಖರ್ಚಾಯಿತು. ಕೆನೆಯಲ್ಲಿ '60' ಎಂದು ಬರೆದ ದೊಡ್ಡ ಕೇಕನ್ನೂ ಹಂಚಿದರು. ಮುದುಕಿಯೊಬ್ಬಳು, "ಪಾಪ, ಇಪ್ಪತ್ತಕ್ಕೆ ಹೋದೋನಿಗೆ ಅರವತ್ತರ ಕೇಕು, ನಲವತ್ತನ್ನ ಮೇಲೆ ಸೇರಿಸೇ ಕೊಟ್ಟರು" ಅಂದಳು. ಯಾರೂ ತಿನ್ನದೇ ಎದ್ದುಹೋಗಲಿಲ್ಲ.

ಶಾರ್ಶೆನ್ ಅತಾ ಪ್ರಾರ್ಥನೆ ಮುಗಿಸಿ ಎರಡು ಕೈಯಿಂದ ಮುಖ ಸವರಿಕೊಂಡ. "ಈಗ ಆ ತಾಯಿ ದನಿ ನಿಲ್ಲಿಸಿ. ಅವಳ ಕೆಲಸ ಆಯ್ತು. ಕ್ಯಾಸೆಟ್ಟು ಮನೆಯೋರಿಗೆ ಕೊಡು."

"ಚಿಕ್ಕಪ್ಪ, ಒಮ್ಮೆ ಒಳಗೆ ಬಂದಿದ್ದನ್ನ ಹೊರಗೆ ಕೊಡಕ್ಕೆ ಸಮಿತಿ ಸೇರಬೇಕು, ಮೇಲಿನವರ ಒಪ್ಪಿಗೆ..."

"ಹಾಗಾದ್ರೆ ಇರಲಿ ಬಿಡು. ಹಾಡು ನಡೀತಾನೇ ಇರ್ಲಿ. ನಾವಂತೂ ನಿನ್ನ ಹೆಸರು ಬಾಯಲ್ಲಿಟ್ಕೊಂಡೇ ಬಂದೋರು."

ಎಸೆನ್‌ಕುಲ್ ಓಡಿದ. ಆ ಮ್ಯೂಸಿಯಂನಲ್ಲಿ ಒಂದು ಕೆಲಸ ಕೇಳಿದ ದಿನವೇ ಆದದ್ದು ಅದೊಂದೇ ಸಲ. ಕಂಪ್ಯೂಟರಿನಲ್ಲಿದ್ದದ್ದನ್ನೂ ತಾನೇ ಕೂತು ಅಳಿಸಿದ. ಕ್ಯಾಸೆಟ್ಟನ್ನು ಎರಡೂ ಕೈಯಲ್ಲಿ, ತೆಗೆದುಕೊಂಡಿದ್ದ ಹಾಗೆಯೇ, ತಂದುಕೊಟ್ಟ.

ಗೇಟಿನ ಬಳಿ ರೋಸಾ ಎಜೆ ಅಡ್ಡ ಬಂದಳು. ಕೆನ್ನೆಯ ಮೇಲೆ ಕೇಕಿನ ಕೆನೆ ಮೆತ್ತಿತ್ತು.

"ಎಂಥ ಕಾರ್ಯಕ್ರಮ! ಕ್ಯಾಮೆರಾದೋರೂ ಅತ್ತುಬಿಟ್ರು. ಬುರುಲ್, ಮುಂದಿನ ವರ್ಷಾನೂ ಹೀಗೇ ಮಾಡೋಣ್ವಾ? ನಿಮ್ಮ ಮನೇಲಿ ಇನ್ಯಾರದಾದ್ರೂ ಇದೆಯಾ?"

"ನಮ್ಮ ಮನೇದು ಮುಗೀತು ಎಜೆ. ಮುಂದಿನ ವರ್ಷ ನಿಮ್ಮದು ಇಟ್ಕೊಳ್ಳಿ. ನಾನೇ ಬಂದು ಗೋಡೆಗೆ ಮುಖ ಮಾಡಿ ಕೂರ್ತೀನಿ."

ರೋಸಾ ಒಂದು ಗಳಿಗೆ ಯೋಚಿಸಿ, "ಸ್ಕಾರ್ಫ್ ಕೊಡ್ತೀನಿ, ಹಾಕ್ಕೊಂಡು ಬಾ" ಅಂದಳು.

ಹೊರಗೆ ಇಬ್ಬರು ಏಣಿ ಹಾಕಿ ಬ್ಯಾನರು ಇಳಿಸುತ್ತಿದ್ದರು. ನಿರ್ದೇಶಕ ಕೆಳಗೆ ನಿಂತು, ವರ್ಷಗಳನ್ನು ಮೊದಲು ಕತ್ತರಿಸಿ ಎಂದು ಕೂಗುತ್ತಿದ್ದ. ಬುರುಲ್ ಟ್ರಾಲಿಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತು ಕ್ಯಾಸೆಟ್ಟನ್ನು ಹೊರಗೆ ತೆಗೆದಳು. ಅದರ ಬೆನ್ನ ಮೇಲೆ ಮ್ಯೂಸಿಯಂನವರು ಬಿಳಿ ಬಣ್ಣದಲ್ಲಿ ನಂಬರು ಬರೆದಿದ್ದರು. ಇಳಿಯುವ ಜಾಗ ಬರುವಷ್ಟರಲ್ಲಿ ಅದನ್ನು ಉಗುರಿನಿಂದ ಪೂರ್ತಿ ಕೆರೆದು ಹಾಕಿದ್ದಳು.